ಇನ್ನಾ ಬಂದಿಲ್ರಿ, ಆದ್ರೂ ಸ್ತೋತ್ರ

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಯಿತು. ಮರುದಿನ ಬೆಳಿಗ್ಗೆ ನಾವು ಆರಾಧನೆಗೆ ಸೇರುವಷ್ಟರಲ್ಲಿ ರಾಯಚೂರಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ವಿಡಿಯೋ. ನಮ್ಮ ಸಭೆಯಲ್ಲಿ ಅರ್ಧ ಜನರಿಗೆ ಮಾನ್ವಿ, ಸಿರವಾರ ಕಡೆ ಹೊಲ ಇದೆ. ಎಲ್ಲ ಎಡದಂಡೆ ಕಾಲುವೆಯ ಕೊನೆಯ ಭಾಗ. ತುಂಬಿದ ವರ್ಷದಲ್ಲೇ ಅಲ್ಲಿಗೆ ನೀರು ಮುಟ್ಟುವುದು ಕಷ್ಟ. ಆ ವರ್ಷ ಡ್ಯಾಮ್ ತುಂಬಿತ್ತು, ನಾಟಿ ಶುರುವಾಗಿತ್ತು, ಈಗ ಆ ನೀರೆಲ್ಲ ನದಿ ಪಾಲಾಗುತ್ತಿತ್ತು. ಅವತ್ತು ಪಾಸ್ಟರ್ ಪ್ರಸಂಗ ಬಿಟ್ಟು ಮೊಣಕಾಲೂರಿದರು. ನಾವೂ ಊರಿದೆವು. ಗಂಡಸರು ಅತ್ತರು. ಅಂಥ ಪ್ರಾರ್ಥನೆ ನಮ್ಮ ಸಭೆಯಲ್ಲಿ ನಾನು ಎಂದೂ ನೋಡಿರಲಿಲ್ಲ.

ಆಮೇಲಿನದು ನಿಮಗೆಲ್ಲ ಗೊತ್ತು. ಡ್ಯಾಮಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದರು, ರಭಸವಾಗಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು, ಆ ಕೂಲಿಯವರು ಜೀವದ ಹಂಗು ಬಿಟ್ಟು ಕೆಲಸ ಮಾಡಿದರು. 17ನೇ ತಾರೀಖು, ಶನಿವಾರ, ಗೇಟು ಮುಚ್ಚಿತು. 18ನೇ ತಾರೀಖು ಭಾನುವಾರ ನಮ್ಮಲ್ಲಿ ಸಾಕ್ಷಿ ಹೇಳುವ ಸಮಯ ಮುಗಿಯಲೇ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತರು. ಒಂದೇ ವಾರದಲ್ಲಿ ದೇವರು ಕೇಳಿದ, ಕರುಣಿಸಿದ, ಹಲ್ಲೆಲೂಯ. ನಾನೂ ಚಪ್ಪಾಳೆ ತಟ್ಟಿದೆ. ಆ ಸಂತೋಷ ನಿಜವಾದದ್ದು. ಇವತ್ತೂ ಅದಕ್ಕಾಗಿ ದೇವರಿಗೆ ಕೃತಜ್ಞಳು.

ಎಲ್ಲ ಮುಗಿಯಿತು ಅನ್ನುವಾಗ ಹಿಂದಿನ ಸಾಲಿನಿಂದ ದೊಡ್ಡವ್ವ ಎದ್ದರು. ಸಭೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೇ. ಅವರ ಮಗ ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೋದವನು. ಮೊದಲ ಎರಡು ವರ್ಷ ಹಬ್ಬಕ್ಕೆ ಬಂದ. ಆಮೇಲೆ ಫೋನಷ್ಟೇ ಬಂತು. ಆಮೇಲೆ ಅದೂ ನಿಂತಿತು. ಸೆರಗು ತಲೆ ಮೇಲೆ ಎಳೆದುಕೊಂಡು, ಮುಂದಿನ ಕುರ್ಚಿಯ ಬೆನ್ನು ಹಿಡಿದು ದೊಡ್ಡವ್ವ ಹೇಳಿದ್ದು ಇಷ್ಟೇ: "ನನ್ನ ಮಗ ಇನ್ನಾ ಬಂದಿಲ್ರಿ. ಹನ್ನೊಂದು ವರ್ಷ ಆತು. ಆದ್ರೂ ಸ್ತೋತ್ರ."

ಕೂತುಬಿಟ್ಟರು.

ಯಾರೂ ಹಲ್ಲೆಲೂಯ ಅನ್ನಲಿಲ್ಲ. ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಪಾಸ್ಟರ್ ಬಾಯಿ ತೆರೆದು ಮತ್ತೆ ಮುಚ್ಚಿದರು. ಕೀಬೋರ್ಡ್ ನುಡಿಸುವ ಹುಡುಗ ಏನು ನುಡಿಸಬೇಕೆಂದು ತಿಳಿಯದೆ ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡ. ಫ್ಯಾನಿನ ಸದ್ದು ಕೇಳಿಸುವಷ್ಟು ಮೌನ. ಕೊನೆಗೆ ಯಾರೋ ಕಾಣಿಕೆ ಹಾಡು ಎತ್ತಿದರು, ಆರಾಧನೆ ಮುಂದಕ್ಕೆ ಹೋಯಿತು. ನಾನು ಮಾತ್ರ ಅಲ್ಲೇ ಉಳಿದೆ. ಆ ಮೌನ ನನ್ನ ಬೆನ್ನು ಬಿಡಲಿಲ್ಲ.

ಯಾಕೆಂದರೆ ನಮ್ಮ ಸಭೆಗಳಲ್ಲಿ ಸಾಕ್ಷಿ ಅಂದರೆ ಮುಗಿದ ಕಥೆ. ಕೆಲಸ ಸಿಕ್ಕಿತು, ಗಡ್ಡೆ ಕರಗಿತು, ಮದುವೆ ಕೂಡಿಬಂತು, ಗಂಡ ಕುಡಿಯುವುದು ಬಿಟ್ಟ. ಹಾಗಾದವರು ಎದ್ದು ನಿಲ್ಲುತ್ತಾರೆ. ಇನ್ನೂ ಆಗದವರು ಕೂತು ಕೇಳುತ್ತಾರೆ. ಅವರ ಸರದಿ ಬರಬೇಕಾದರೆ ಮೊದಲು ಉತ್ತರ ಬರಬೇಕು. ವರ್ಷಗಟ್ಟಲೆ ಕೂತೇ ಇರುವವರ ಬಾಯಲ್ಲಿ ದೇವರ ಬಗ್ಗೆ ಹೇಳುವುದೇನೂ ಇಲ್ಲವಾ? ನಾನೂ ಅಂಥವರಲ್ಲಿ ಒಬ್ಬಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ತಾರು ಸಲ

ಅಮ್ಮನಿಗೆ ಎರಡೂ ಕಿಡ್ನಿ ಹೋಗಿದ್ದವು. ಮೂರು ವರ್ಷ ಡಯಾಲಿಸಿಸ್. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು. ಡಯಾಲಿಸಿಸ್ ಮಾಡಿಸಿದವರಿಗೆ ಗೊತ್ತು, ಆ ನಾಲ್ಕು ತಾಸು ಕಳೆಯುವುದು ಎಂಥ ಕೆಲಸ ಅಂತ. ಕೈ ಅಲುಗಿಸುವ ಹಾಗಿಲ್ಲ. ಕೊನೆಯ ತಾಸಿನಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಅಮ್ಮನಿಗೆ ಚಳಿ. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ. ಕಂಬಳಿ ಹೊದಿಸಿ ಬೈಬಲಿನ ಕೀರ್ತನೆ ಓದುತ್ತಿದ್ದೆ.

ಅಮ್ಮನಿಗೆ ಇಷ್ಟವಾದದ್ದು 136ನೇ ಕೀರ್ತನೆ. ಅದರಲ್ಲಿ 26 ವಚನ. ಪ್ರತಿ ವಚನದ ಎರಡನೇ ಅರ್ಧ ಒಂದೇ: ಆತನ ಕೃಪೆಯು ಶಾಶ್ವತವಾದದ್ದು. ಮೊದಲ ಅರ್ಧ ನಾನು ಓದಬೇಕು, ಎರಡನೆಯದು ಅಮ್ಮ ಹೇಳಬೇಕು. ಸೂರ್ಯನನ್ನು ಮಾಡಿದ್ದು, ಚಂದ್ರನನ್ನು ಮಾಡಿದ್ದು, ಕೆಂಪು ಸಮುದ್ರ ಸೀಳಿದ್ದು, ಅಡವಿಯಲ್ಲಿ ನಡೆಸಿದ್ದು. ಅಂಥ ದೊಡ್ಡ ದೊಡ್ಡ ಸಂಗತಿಗಳೆಲ್ಲ ಆದ ಮೇಲೆ, ಮುಗಿಯುವುದಕ್ಕೆ ಒಂದೇ ವಚನ ಇರುವಾಗ ಎಲ್ಲ ಜೀವಿಗಳಿಗೂ ಊಟ ಕೊಡುವವನು ಅನ್ನುವಲ್ಲಿಗೆ ಬರುತ್ತದೆ. ಆ ಸಾಲು ಬಂದಾಗ ಅಮ್ಮನ ದನಿ ಸ್ವಲ್ಪ ಗಟ್ಟಿಯಾಗುತ್ತಿತ್ತು. ಪಥ್ಯದಲ್ಲಿ ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ, ನೀರು ಕೂಡ ಅಳತೆ. ಆದರೂ ಊಟದ ಸಾಲಿಗೆ ದನಿ ಏರಿಸುತ್ತಿದ್ದರು.

ಪಕ್ಕದ ಮಂಚದಲ್ಲಿ ಲಿಂಗಸುಗೂರು ಕಡೆಯ ಒಬ್ಬ ಹಿರಿಯರು ಇರುತ್ತಿದ್ದರು. ಹಣೆ ತುಂಬ ವಿಭೂತಿ. ನಮ್ಮ ವಾರ, ಅವರ ವಾರ ಒಂದೇ. ತಿಂಗಳುಗಟ್ಟಲೆ ಸುಮ್ನೆ ಕೇಳಿಸಿಕೊಂಡವರು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು: "ಯವ್ವಾ, ಅದನ್ನ ಅಷ್ಟು ಸಲ ಯಾಕ ಹೇಳ್ತೀರಿ? ನಿಮ್ಮ ದೇವ್ರಿಗೆ ಒಂದ ಸಲಕ್ಕ ಕೇಳಂಗಿಲ್ಲೇನು?" ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಅವ್ನಿಗೆ ಕೇಳ್ತದರಿ. ನಾವ್ ಮರೀತೀವಲ್ರಿ, ಅದಕ್ಕ."

ಆ ಹಿರಿಯರು ನಕ್ಕರು. ಮುಂದಿನ ವಾರದಿಂದ ನಾನು ಅರ್ಧ ಓದಿದರೆ ಎರಡು ಮಂಚಗಳಿಂದ ಉತ್ತರ ಬರುತ್ತಿತ್ತು.

ನಾವು ಗುಣವಾಗಲಿ ಅಂತಲೇ ಬೇಡಿಕೊಂಡೆವು. ಅದನ್ನು ಮುಚ್ಚಿಡುವುದಿಲ್ಲ. ಉಪವಾಸ ಮಾಡಿದೆವು, ಇಡೀ ರಾತ್ರಿ ಪ್ರಾರ್ಥನೆಗೆ ಕೂತೆವು, ಬಳ್ಳಾರಿಯ ಕೂಟಕ್ಕೆ ಹೋಗಿ ಎಣ್ಣೆ ಹಚ್ಚಿಸಿಕೊಂಡು ಬಂದೆವು. 2019ರಲ್ಲಿ ಅಮ್ಮ ಹೋದರು. ಮಣ್ಣು ಮಾಡಿ ಬಂದ ಮೂರನೇ ದಿನ ಸಮಾಧಾನ ಹೇಳಲು ಬಂದವರೊಬ್ಬರು, ಅವರ ಉದ್ದೇಶ ಕೆಟ್ಟದ್ದಿರಲಿಲ್ಲ ಅಂತಲೇ ನಂಬುತ್ತೇನೆ, ನನ್ನ ಕೈ ಹಿಡಿದು ಹೇಳಿದರು: "ಎಲ್ಲೋ ನಂಬಿಕೆ ಕಡಿಮೆ ಆಗಿರಬೇಕು ತಂಗಿ, ಪರೀಕ್ಷೆ ಮಾಡ್ಕೊ."

ಆ ಮಾತಿಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರು ಸಲ ಬೇಡಿಕೊಂಡನು, ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದಾಟಿಹೋಗಲಿ ಅಂತ. ದಾಟಿಹೋಗಲಿಲ್ಲ. ಅವನಿಗೆ ನಂಬಿಕೆ ಕಡಿಮೆ ಇತ್ತಾ? ಅಪೊಸ್ತಲ ಪೌಲನು ಶರೀರದಲ್ಲಿ ನಾಟಿದ ಶೂಲ ತೆಗೆದುಬಿಡು ಅಂತ ಮೂರು ಸಲ ಕೇಳಿದ. ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂತು. ಅಷ್ಟು ಪತ್ರ ಬರೆದವನಿಗೆ ನಂಬಿಕೆ ಸಾಲದೆ ಹೋಯಿತಾ? ಕಾಯಿಲೆಯವರ ಮನೆಗೆ, ಸಾವಿನ ಮನೆಗೆ ಹೋಗುವವರು ದಯವಿಟ್ಟು ಈ ಎರಡು ಭಾಗಗಳನ್ನು ಓದಿಕೊಂಡು ಹೋಗಿ. ಇದನ್ನು ಕೈಮುಗಿದು ಕೇಳುತ್ತೇನೆ.

ಆದರೆ ಆ ಮಾತು ತನ್ನ ಕೆಲಸ ಮಾಡಿತ್ತು. ನಾನು ಸಭೆಗೆ ಹೋಗುವುದನ್ನು ಬಿಡಲಿಲ್ಲ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳಿದೆ. ಹಾಡಿದೆ. ಸ್ತೋತ್ರ ಹೇಳಿದೆ. ಬೇರೆಯವರಿಗಾಗಿ ಬೇಡಿಕೊಂಡೆ, 19ನೇ ಗೇಟಿಗೂ ಬೇಡಿಕೊಂಡೆ. ನನಗಾಗಿ ಕೇಳುವುದನ್ನು ಮಾತ್ರ ಬಿಟ್ಟುಬಿಟ್ಟೆ. ಐದು ವರ್ಷ ಅದು ಯಾರಿಗೂ ಗೊತ್ತಾಗಲಿಲ್ಲ. ಕೇಳದಿದ್ದರೆ ಇಲ್ಲ ಅನ್ನಿಸಿಕೊಳ್ಳುವುದೂ ಇಲ್ಲ, ಅಲ್ವಾ? ಅದನ್ನೇ ನಾನು ದೇವರ ಚಿತ್ತಕ್ಕೆ ಒಪ್ಪಿಸಿಕೊಳ್ಳುವುದು ಅಂದುಕೊಂಡಿದ್ದೆ. ದೊಡ್ಡವ್ವನ "ಇನ್ನಾ ಬಂದಿಲ್ರಿ" ಕೇಳಿದ ಮೇಲೆ ಗೊತ್ತಾಯಿತು, ಅದು ಒಪ್ಪಿಸಿಕೊಳ್ಳುವುದಲ್ಲ, ಮುನಿಸು ಅಂತ. "ಇನ್ನಾ" ಅನ್ನುವವರು ಇನ್ನೂ ಬಾಗಿಲ ಮುಂದೆ ನಿಂತಿರುತ್ತಾರೆ. ನಾನು ಎಂದೋ ಮನೆಗೆ ವಾಪಸ್ ಬಂದಿದ್ದೆ.

ಮುಂಗಾರು, ಹಿಂಗಾರು

ಯಾಕೋಬನ ಪತ್ರದಲ್ಲಿ ತಾಳ್ಮೆಯ ಬಗ್ಗೆ ಹೇಳುವಾಗ ರೈತನ ಮಾತು ಬರುತ್ತದೆ. ಬೆಳೆಗಾಗಿ ಅವನು ಮುಂಗಾರು ಹಿಂಗಾರು ಮಳೆಗಳು ಬರುವ ತನಕ ತಾಳಿಕೊಂಡಿರುತ್ತಾನೆ ಅಂತ. ಕನ್ನಡ ಬೈಬಲಿನಲ್ಲಿ ಇರುವುದು ಅದೇ ಎರಡು ಪದ, ನಮ್ಮ ಹೊಲದ ಪದ. ಚಿಕ್ಕವಳಿದ್ದಾಗ ನಾನು ಯಾಕೋಬನು ನಮ್ಮ ಕಡೆಯವನೇ ಇರಬೇಕು ಅಂದುಕೊಂಡಿದ್ದೆ. ಯಾಕೋಬನ ದೇಶದ ಲೆಕ್ಕ ಬೇರೆ. ಅಲ್ಲಿ ಮೊದಲ ಮಳೆ ಅಕ್ಟೋಬರ್, ನವೆಂಬರಿನಲ್ಲಿ ಬಂದು ಬಿರುಸು ನೆಲವನ್ನು ಬಿತ್ತನೆಗೆ ಮೆತ್ತಗೆ ಮಾಡುತ್ತದೆ. ಕೊನೆಯ ಮಳೆ ಮಾರ್ಚ್, ಏಪ್ರಿಲಿನಲ್ಲಿ ಬಂದು ಕಾಳು ತುಂಬಿಸುತ್ತದೆ. ಎರಡರಲ್ಲಿ ಒಂದು ಕೈಕೊಟ್ಟರೂ ಬೆಳೆ ಇಲ್ಲ. ನಡುವಿನ ತಿಂಗಳುಗಳಲ್ಲಿ ರೈತ ಮಳೆಯನ್ನು ಎಳೆದು ತರಲಾರ.

ಈ ಪದಗಳು ನಮ್ಮ ಬೈಬಲಿಗೆ ಬರುವುದಕ್ಕೂ ಕಾಯಬೇಕಾಯಿತು ಅನ್ನುವುದು ನನಗೆ ಇಷ್ಟವಾದ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಅನುವಾದಕ್ಕೆ ಕೂತು, ತಿದ್ದಿ, ಮತ್ತೆ ತಿದ್ದಿ, ಇಡೀ ಬೈಬಲ್ ಕನ್ನಡದಲ್ಲಿ ಮುಗಿಯುವಾಗ 1831. ಇಪ್ಪತ್ತು ವರ್ಷ. ಆಮೇಲೆ ಬೇರೆಯವರು ಎಷ್ಟೋ ಸಲ ಪರಿಷ್ಕರಿಸಿದ್ದಾರೆ. ಅಮ್ಮ ಡಯಾಲಿಸಿಸ್ ಮಂಚದಲ್ಲಿ ಹೇಳುತ್ತಿದ್ದ ಸಾಲಿನ ಹಿಂದೆ, ನಮ್ಮ ಪಕ್ಕದ ಊರಿನಲ್ಲಿ ಬೆಳಕು ಆರುವ ತನಕ ಒಂದೊಂದು ಪದಕ್ಕೂ ಕಾದು ಕೂತವರ ಕೆಲಸ ಇದೆ.

ನನ್ನ ಸೋದರಮಾವನಿಗೆ ಕಾಲುವೆ ಮುಟ್ಟದ ಎಂಟು ಎಕರೆ ಎರೆ ಹೊಲ ಇದೆ. ಅದರಲ್ಲಿ ಹಿಂಗಾರಿಗೆ ಬಿಳಿಜೋಳ. ನಮ್ಮ ಎರೆ ಹೊಲದ ಜೋಳ ಕಂಡವರಿಗೆ ಹೇಳಬೇಕಾಗಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಮೇಲೆ ಬಹಳ ವರ್ಷ ಒಂದೂ ಮಳೆ ಬರುವುದಿಲ್ಲ. ನೆಲ ಒಳಗೆ ಹಿಡಿದಿಟ್ಟುಕೊಂಡ ಹಸಿ ಮತ್ತು ಚಳಿಗಾಲದ ಇಬ್ಬನಿ, ಅಷ್ಟೇ ಅದರ ಪಾಲು. ಮೇಲೆ ನೆಲ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ನೋಡಿದವರು ಮುಗೀತು ಅನ್ನಬೇಕು, ಹಾಗಿರುತ್ತದೆ. ಫೆಬ್ರವರಿಗೆ ಹೋದರೆ ತೆನೆ ತೂಗುತ್ತಿರುತ್ತದೆ. ಅಮ್ಮ ಹೋದ ವರ್ಷ ಮಾವ ನನ್ನನ್ನು ಆ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ಸಮಾಧಾನದ ಮಾತೇನೂ ಆಡಲಿಲ್ಲ. ಬಿರುಕಿನೊಳಗೆ ಕೈ ಇಳಿಸಲು ಹೇಳಿದರು. ಇಳಿಸಿದೆ. ಮೊಣಕೈ ತನಕ ಹೋಯಿತು. ಬೆರಳ ತುದಿಗೆ ತಂಪು ತಾಗಿತು. "ಐತಿಲ್ಲ?" ಅಂದರು. ಐತಿ ಅಂದೆ. ಇಬ್ಬರೂ ಮನೆಗೆ ಬಂದೆವು. ಮಾವನಿಗೆ ಅದು ಜೋಳದ ವಿಷಯವಷ್ಟೇ ಇರಬಹುದು. ನನಗೆ ಆ ತಂಪು ಇನ್ನೂ ಬೆರಳಲ್ಲಿದೆ.

ಕರುಳು

ನಮ್ಮಲ್ಲಿ ಕರುಣೆ, ಕೃಪೆ, ದಯೆ, ಕನಿಕರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಧರ್ಮಶಾಸ್ತ್ರ ಓದಿದ ತಮ್ಮ ಒಮ್ಮೆ ಬಿಡಿಸಿ ಹೇಳಿದ. 136ನೇ ಕೀರ್ತನೆಯಲ್ಲಿ 26 ಸಲ ಬರುವ ಹೀಬ್ರೂ ಪದ ಹೆಸೆದ್. ಕೈ ಹಿಡಿದ ಮೇಲೆ ಬಿಡದಿರುವ ಪ್ರೀತಿ ಅಂತ ಅದರ ಅರ್ಥ. ಕರುಣೆಗೆ ಇನ್ನೊಂದು ಪದ ರಹಮೀಮ್. ಅದು ರೆಹೆಮ್‌ಗೆ, ಅಂದರೆ ಗರ್ಭಕ್ಕೆ ಸಂಬಂಧಪಟ್ಟ ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಂತೂ ಯೇಸು ಕನಿಕರಪಟ್ಟನು ಅನ್ನುವಲ್ಲಿ ಬರುವ ಪದದ ಬೇರು ನೇರವಾಗಿ ಒಳಗಿನ ಅಂಗ, ಕರುಳು. ನಾಯಿನ್ ಊರಿನ ವಿಧವೆಯ ಒಬ್ಬನೇ ಮಗನ ಹೆಣ ಎದುರಾದಾಗ ಅವನಿಗೆ ಆದದ್ದು ಅದೇ.

ತಮ್ಮ ಇದನ್ನು ಹೇಳುವಾಗ ಅಡುಗೆಮನೆಯಿಂದ ಕೇಳಿಸಿಕೊಂಡ ಅತ್ತಿಗೆ ಅಂದರು, "ಅದಕ್ಕೇ ಅಲ್ವಾ ನಾವು ಹೆತ್ತ ಕರುಳು ಅನ್ನೋದು?" ಹೌದಲ್ಲ. ಕರುಳು ಚುರುಕ್ ಅಂತು, ಕರುಳು ಕೇಳಲಿಲ್ಲ, ಕರುಳ ಕುಡಿ. ಯಾವ ಶಾಸ್ತ್ರವನ್ನೂ ಓದದ ನಮ್ಮ ಹೆಂಗಸರಿಗೆ ಆ ಪದ ಮೊದಲೇ ಗೊತ್ತಿತ್ತು.

ಕಳೆದುಹೋದ ಮಗನ ಸಾಮ್ಯವನ್ನು, ಅಂದರೆ ಮನೆ ಬಿಟ್ಟು ಹೋಗಿ ಎಲ್ಲ ಕಳೆದುಕೊಂಡು ವಾಪಸ್ ಬರುವ ಮಗನ ಬಗ್ಗೆ ಯೇಸು ಹೇಳಿದ ಕಥೆಯನ್ನು, ನೂರು ಸಲ ಕೇಳಿದ್ದೇನೆ, ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಒಂದು ಸಾಲಿನ ಮೇಲೆ ಎಂದೂ ನಿಂತಿರಲಿಲ್ಲ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡನು. ದೂರದಲ್ಲೇ ಕಾಣಬೇಕಾದರೆ ದಾರಿ ಕಡೆ ನೋಡುತ್ತಿರಬೇಕು. ಎಷ್ಟು ದಿನದಿಂದ? ಯೇಸು ಹೇಳುವುದಿಲ್ಲ. ಮಗನ ಹಸಿವು, ಹಂದಿ, ಹಂದಿ ತಿನ್ನುವ ಕಾಯಿ ಎಲ್ಲ ಹೇಳುತ್ತಾನೆ. ತಂದೆ ಕಾದದ್ದನ್ನು ಒಂದೇ ಸಾಲಿನಲ್ಲಿ ಅಡಗಿಸಿ ಮುಂದೆ ಹೋಗುತ್ತಾನೆ. ಪ್ರಾರ್ಥನೆಯಲ್ಲಿ ಕಾಯುವುದು ನಾವು, ತಡ ಮಾಡುವುದು ದೇವರು ಅಂತ ನಾನು ತಿಳಿದಿದ್ದೆ. ಈ ಕಥೆಯಲ್ಲಿ ಕಾದು ನಿಂತವನೇ ಅವನು. ನಮ್ಮ ಬೈಬಲಿನಲ್ಲಿ ದೀರ್ಘಶಾಂತಿ, ಅಂದರೆ ಬೇಗ ಕೋಪಗೊಳ್ಳದ ತಾಳ್ಮೆ, ಅನ್ನುವ ಪದ ಇದೆ, ಸಭೆಯ ಹೊರಗೆ ಯಾರೂ ಬಳಸದ ಪದ. ಮೋಶೆಯ ಎದುರು ದೇವರು ತನ್ನ ಹೆಸರು ತಾನೇ ಹೇಳುವಾಗ ಅದೂ ಬರುತ್ತದೆ: ಕನಿಕರ, ದಯೆ, ದೀರ್ಘಶಾಂತಿ. ಅಂದರೆ ಕಾಯುವುದು ಅವನ ಹೆಸರಿನಲ್ಲೇ ಇದೆ. ಇದು ಅರ್ಥವಾದ ದಿನ ಅಮ್ಮ ವಾಪಸ್ ಬರಲಿಲ್ಲ, ಯಾವುದೂ ಬದಲಾಗಲಿಲ್ಲ. ಆದರೆ ನನ್ನ ಮುನಿಸನ್ನೂ ಒಬ್ಬನು ಐದು ವರ್ಷದಿಂದ ದಾರಿ ನೋಡುತ್ತ ತಾಳಿಕೊಂಡಿದ್ದಾನೆ ಅನ್ನಿಸಿ ರಾತ್ರಿ ಬಹಳ ಹೊತ್ತು ಅತ್ತೆ.

ಹೆಬ್ಬೆಟ್ಟು

ದೊಡ್ಡವ್ವನ ಮನೆಗೆ ನಾನು ಹೋದದ್ದು ಆ ಭಾನುವಾರ ಆದ ಎರಡು ವಾರಕ್ಕೆ. ಕೋಟೆ ಹಿಂದಿನ ಓಣಿ. ಒಂದೇ ಕೋಣೆ, ಹೊರಗೆ ಬೇವಿನ ಮರ. ರೇಷನ್ ಕಾರ್ಡಿಗೆ ಇ-ಕೆವೈಸಿ ಮಾಡಿಸಬೇಕು, ಜೊತೆಗೆ ಬಾ ಅಂದಿದ್ದರು. ಅಂಗಡಿಗೆ ಹೋದೆವು. ಮಷೀನಿನ ಮೇಲೆ ಹೆಬ್ಬೆಟ್ಟು ಇಟ್ಟರು. ಬರಲಿಲ್ಲ. ಒರೆಸಿ ಇಟ್ಟರು. ಬರಲಿಲ್ಲ. ನಲವತ್ತು ವರ್ಷ ಹತ್ತಿ ಬಿಡಿಸಿದ, ಕಳೆ ಕಿತ್ತ ಕೈ. ಗೆರೆಯೇ ಉಳಿದಿಲ್ಲ. ಬೇರೆ ಬೆರಳು, ಮತ್ತೆ ಬೇರೆ ಬೆರಳು. ಎಡಗೈಯ ಉಂಗುರ ಬೆರಳಿಗೆ ಮಷೀನು ಒಪ್ಪಿತು.

ಆಮೇಲೆ ಅಂಗಡಿಯ ಹುಡುಗ ಸ್ಕ್ರೀನ್ ನೋಡಿ ಕೇಳಿದ, ಇನ್ನೊಂದು ಹೆಸರು ಇದೆಯಲ್ಲ, ಅವರು ಎಲ್ಲಿ, ಅವರೂ ಬೆರಳು ಕೊಡಬೇಕು, ಇಲ್ಲಾಂದ್ರೆ ಹೆಸರು ಹೋಗುತ್ತೆ ಅಂತ. ಅವನು ಒರಟಾಗಿ ಕೇಳಲಿಲ್ಲ. ದೊಡ್ಡವ್ವ ಹೇಳಿದರು, "ಬರ್ತಾನಪ್ಪ. ಹೆಸರು ಇರ್ಲಿ." ಹುಡುಗ ನನ್ನ ಮುಖ ನೋಡಿದ. ಇರಲಿ ಬಿಡಪ್ಪ, ಆಗುವ ತನಕ ಇರಲಿ ಅಂದೆ. ಅವನು ತಲೆಯಾಡಿಸಿದ. ಹೆಸರು ಎಷ್ಟು ದಿನ ಇರುತ್ತದೋ ಅವನ ಕೈಯಲ್ಲೂ ಇರಲಿಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಕೇಳಿಯೇಬಿಟ್ಟೆ, ದೊಡ್ಡವ್ವ, ಹನ್ನೊಂದು ವರ್ಷ ಏನಂತ ಪ್ರಾರ್ಥನೆ ಮಾಡ್ತೀರಿ? ಒಂದೇ ಮಾತನ್ನು ಹೇಗೆ ಹೇಳ್ತೀರಿ? ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಮೊದ್ಲು ಭಾಳ ಹೇಳ್ತಿದ್ದೆ ಯವ್ವಾ. ಅಳ್ತಿದ್ದೆ, ಬೈತಿದ್ದೆ. ಈಗ ಹೆಸರಷ್ಟ ಹೇಳ್ತೀನಿ. ಬೆಳಿಗ್ಗೆ ಒಂದ್ಸಲ, ಮಲಗೋವಾಗ ಒಂದ್ಸಲ. ಉಳಿದದ್ದು ಅವ್ನಿಗೆ ಗೊತ್ತದ." ಆ ಹೆಸರನ್ನು ನನ್ನ ಮುಂದೆಯೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದ್ದು.

ಯೆಶಾಯನ ಪುಸ್ತಕದಲ್ಲಿ ಒಂದು ಮಾತಿದೆ. ತಾಯಿ ತನ್ನ ಮೊಲೆಕೂಸನ್ನು ಮರೆತಾಳೇ? ಒಂದು ವೇಳೆ ಅವಳು ಮರೆತರೂ ನಾನು ಮರೆಯೆನು, ನನ್ನ ಅಂಗೈಯಲ್ಲೇ ನಿನ್ನನ್ನು ಕೆತ್ತಿಕೊಂಡಿದ್ದೇನೆ ಅಂತ. ಮನೆ ಮುಟ್ಟಿ, ದೊಡ್ಡವ್ವ ಕೊಟ್ಟ ಚಹಾ ಕುಡಿಯುತ್ತ, ಅವರ ಗೆರೆ ಅಳಿದ ಬೆರಳುಗಳನ್ನು ನೋಡುತ್ತ ನನಗೆ ಆ ವಚನ ನೆನಪಾಯಿತು. ಓದಿ ಹೇಳಿದೆ. ಅವರು ಅಂಗೈ ಮಗುಚಿ ನೋಡಿಕೊಂಡು "ಹೌದೇನು" ಅಂದರು, ಅಷ್ಟೇ. ಮತ್ತೆ ಚಹಾ ಸೋಸಲು ಹೋದರು.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಬೇಡಿಕೆಯ ಚೀಟಿ ಹಂಚುತ್ತಾರೆ. ದೊಡ್ಡವ್ವನಿಗೆ ಬರೆಯಲು ಬರುವುದಿಲ್ಲ. ಅವತ್ತಿನಿಂದ ಅವರ ಚೀಟಿ ಬರೆಯುವುದು ನನ್ನ ಕೆಲಸವಾಯಿತು. ಪ್ರತಿ ತಿಂಗಳೂ ಅದೇ ಹೆಸರು, ಮೂರು ಅಕ್ಷರ. ಬರೆದು ಅವರ ಕೈಗೆ ಕೊಟ್ಟರೆ ಓದಲು ಬರದಿದ್ದರೂ ಒಮ್ಮೆ ಕಣ್ಣಾಡಿಸಿ ಮಡಚುತ್ತಾರೆ. ಹೋದ ತಿಂಗಳು ಹಾಗೆ ಮಡಚಿ, ಪೆಟ್ಟಿಗೆಗೆ ಹಾಕುವ ಮೊದಲು ನನ್ನ ಕಡೆ ತಿರುಗಿದರು.

"ನಿಂದೆಲ್ಲಿ?"

ನನ್ನದು ಏನೂ ಇಲ್ಲ ದೊಡ್ಡವ್ವ ಅಂದೆ. ಅವರು ಒಪ್ಪಲಿಲ್ಲ. ಎದ್ದು ಹೋಗಿ ಇನ್ನೊಂದು ಚೀಟಿ ತಂದು ನನ್ನ ತೊಡೆ ಮೇಲಿಟ್ಟರು. ಪೆನ್ನು ಕೈಯಲ್ಲೇ ಇತ್ತು. ಕಾಣಿಕೆ ಹಾಡು ಶುರುವಾಯಿತು, ಎರಡು ಚರಣ ಮುಗಿಯಿತು. ಏನು ಬರೆಯಬೇಕೋ ನಿಜವಾಗಿಯೂ ತಿಳಿಯಲಿಲ್ಲ. ಪೆಟ್ಟಿಗೆ ನಮ್ಮ ಸಾಲಿಗೆ ಬಂತು. ನನ್ನ ಹೆಸರಷ್ಟೇ ಬರೆದು, ಮಡಚಿ, ದೊಡ್ಡವ್ವನ ಚೀಟಿಯ ಮೇಲೆ ಹಾಕಿದೆ.